ತಲೆಗೆ ಬಿದ್ದ ನೀರು

ಮೂರು ವಾರಗಳ ಬಳಿಕ ತಲೆಗೆ ಬಿಸಿನೀರು ಬಿದ್ದಾಗ, ಸೊಂಟ ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದ ಟೈಲರಜ್ಜಿ ಹಾಯೆಂದು ಕಣ್ಣು ಮುಚ್ಚಿದಳು. ನರ್ಸ್ ಅವಳ ಸಿಕ್ಕುಗಟ್ಟಿದ ಕೂದಲನ್ನು ಬೆರಳಿನಿಂದ ಮೆಲ್ಲಗೆ ಬಿಡಿಸುತ್ತಿದ್ದಳು.

"ಅಂತೂ ಇವತ್ತು ನಿನಗೆ ನನ್ನ ಮೇಲೆ ಕರುಣೆ ಬಂತಲ್ಲ ತಾಯಿ," ಎಂದಳು ಅಜ್ಜಿ.

ನರ್ಸ್‌ಗೆ ಮುಖ ಎತ್ತಲಾಗಲಿಲ್ಲ. "ಕರುಣೆ ಯಾವತ್ತೂ ಇತ್ತು ಅಜ್ಜಿ. ಆದ್ರೆ ಮೂವತ್ತು ಜನಕ್ಕೆ ನಾನೊಬ್ಳೇ. ಇವತ್ತು ತಪಾಸಣೆಗೆ ಸಾಹೇಬ್ರು ಬರ್ತಾರೆ ಅಂತ ಇನ್ನೂ ನಾಲ್ಕು ಜನ ನರ್ಸ್‌ಗಳನ್ನ ಕಳ್ಸಿದಾರೆ."

ಅಜ್ಜಿ ಅವಳ ಒದ್ದೆ ಕೈಯನ್ನು ಮೆಲ್ಲಗೆ ಸವರಿದಳು.

ಮಧ್ಯಾಹ್ನ ಸಾಹೇಬರು ಬಂದು ಅವಳ ಹಾಸಿಗೆಯ ಬಳಿ ನಿಂತರು. "ಚೆನ್ನಾಗಿ ನೋಡ್ಕೊಳ್ತಾರಾ ಅಜ್ಜಿ?"

"ಈ ಹುಡುಗಿ ಬಂಗಾರ ಸ್ವಾಮಿ. ಆದ್ರೆ ನೀವು ದಿನಾ ಬರ್ತಾ ಇರಿ. ನೀವು ಬಂದ್ರೇನೇ ನಮ್ಗೆ ಸ್ನಾನ."

ಸಾಹೇಬರು ಮನಸಾರೆ ನಕ್ಕು, "ರೋಗಿಗಳು ಸಂತೋಷವಾಗಿದ್ದಾರೆ" ಎಂದು ಬರೆದುಕೊಂಡು ಮುಂದಿನ ಹಾಸಿಗೆಗೆ ನಡೆದರು.