ಸೀಲು ಬಿದ್ದ ಮಾಂಸ

ಊರ ಕಸಾಯಿಖಾನೆಯಲ್ಲಿ ಮಾಂಸ ಪರೀಕ್ಷಿಸಿ ಸೀಲು ಹೊಡೆಯುವುದು ಪೌಲಪ್ಪನ ಕೆಲಸ. ಹುಳುವಿನ ಗುಳ್ಳೆ ಇದೆಯೋ ಎಂದು ದನದ ದವಡೆಯನ್ನು ಕೊಯ್ದೇ ನೋಡಬೇಕೆಂಬುದು ನಿಯಮ. ಕೊಯ್ಯುವುದೆಲ್ಲ ಹೊಸಬರಿಗೆ, ತನ್ನ ಕಣ್ಣು ಎಕ್ಸ್‌ರೇಗಿಂತ ಚುರುಕು ಎಂದು ತಾನೇ ಹೇಳಿಕೊಂಡು ತಾನೇ ನಂಬಿದ ಪೌಲಪ್ಪ ಹನ್ನೊಂದು ವರ್ಷದಿಂದ ಚಾಕು ಮುಟ್ಟಿರಲಿಲ್ಲ.

ಈಗ ಹೊಟ್ಟೆ ಹಿಡಿದುಕೊಂಡು ಡಾಕ್ಟರಮ್ಮನ ಎದುರು ಕೂತಿದ್ದ.

"ಲಾಡಿಹುಳು, ಪೌಲಪ್ಪನವರೇ. ಗುಳ್ಳೆ ಇರೋ ದನದ ಮಾಂಸ ಸರಿಯಾಗಿ ಬೇಯಿಸದೆ ತಿಂದ್ರೆ ಬರುತ್ತೆ."

"ಕೆಂಡದ ಮೇಲೆ ಅರೆಬೆಂದದ್ದೇ ರುಚಿ ಮೇಡಂ," ಎಂದ ತಲೆ ತಗ್ಗಿಸಿ.

"ಈ ತಿಂಗಳು ನಿಮ್ಮದು ಆರನೇ ಕೇಸು. ನಮ್ಮೂರ ದನಗಳಲ್ಲೂ ಇಷ್ಟೊಂದು ಇದೆಯಾ?"

"ಒಂದರಲ್ಲೂ ಇಲ್ಲ. ಬೇಕಾದ್ರೆ ರಿಜಿಸ್ಟರ್ ತಂದು ತೋರಿಸ್ತೀನಿ, ಹನ್ನೊಂದು ವರ್ಷವೂ ಬರೀ ಸೊನ್ನೆ. ನಾನೇ ಬರೆದಿದ್ದು."

"ಹಾಗಾದ್ರೆ ನೀವು ಹೊರಗೆಲ್ಲೋ ತಿಂದಿರಬೇಕು. ಹೈವೇ ಹೋಟೆಲು, ನೆಂಟರ ಮನೆ, ಹೀಗೆ."

ಪುಣ್ಯಾತ್ಗಿತ್ತಿ ತಾನಾಗಿಯೇ ಬಾಗಿಲು ತೆರೆದುಕೊಟ್ಟಿದ್ದಳು. ಹೌದು ಅಂದರೆ ಮುಗಿಯಿತು, ಮಾತ್ರೆ ತೆಗೆದುಕೊಂಡು ಮನೆಗೆ ಹೋಗಬಹುದು. ಹೌದು ಎನ್ನಲು ಬಾಯಿ ತೆರೆದವನಿಗೆ ಹೊಟ್ಟೆನೋವಿನ ನಡುವೆಯೂ ತನ್ನ ಮೇಲೇ ನಗು ಬಂತು.

"ಇಲ್ಲ ಮೇಡಂ. ನನ್ನ ಸೀಲು ಬೀಳದ ಮಾಂಸ ನಮ್ಮನೆ ಒಲೆ ಏರೋದಿಲ್ಲ, ಹೊರಗಡೆ ನಾನು ತಿನ್ನೋದೇ ಇಲ್ಲ."