ಸದ್ದಿಲ್ಲದ ಕಾಯಿ

ಟೀವಿಯಲ್ಲಿ ಡಾಕ್ಟರ್ ತಲೆ ಅಲ್ಲಾಡಿಸಿದ. ಆಕಾಶನೌಕೆಯ ಗಾಜಿನ ಗೂಡಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಯಾತ್ರಿಕ ಎಷ್ಟು ಕರೆದರೂ ಏಳುತ್ತಿರಲಿಲ್ಲ. ಆ ಗೂಡನ್ನೇ ಹೊರಗೆ ತಳ್ಳಿಬಿಡಲು ಒಬ್ಬ ಗುಂಡಿಯತ್ತ ಕೈ ಚಾಚಿದ.

"ಏಯ್, ತಳ್ಬ್ಯಾಡ ಕಣಪ್ಪ!" ಒಂದು ವಾರವೂ ಈ ಧಾರಾವಾಹಿ ತಪ್ಪಿಸದ ಸಿದ್ದಗಂಗಮ್ಮ ಚಾಪೆಯಿಂದ ಎದ್ದೇಬಿಟ್ಟಳು. ಅವರ ಹಿಂದಿ ಅವಳಿಗೆ ಬಾರದು, ಅವಳ ಕೂಗು ಅವರಿಗೆ ಕೇಳದು. "ಸದ್ದಿಲ್ಲ ಅಂದ್ರೆ ಕೆಟ್ಟೋಯ್ತು ಅಂತಲ್ಲ. ನಮ್ಮ ಅಟ್ಟದ ಮ್ಯಾಲಿನ ತೆಂಗಿನ್ಕಾಯ್ಗಳೂ ಒಳಗಿನ ನೀರು ಇಂಗೋವರ್ಗೂ ಸುಮ್ಕೇ ಇರ್ತವೆ. ಆಮೇಲೊಂದಿನ ಕಿವಿ ಹತ್ರ ಅಲ್ಲಾಡ್ಸಿದ್ರೆ ಒಳಗೆ ಕೊಬ್ಬರಿ ಗಡಗಡ ಅಂತದೆ. ವಸಿ ತಡೀರಪ್ಪ!"

"ಅವ್ನು... ಕಾಯಲ್ಲ ಕಣೇ. ಮನ್ಸ."

ದನಿ ಹಿಂದಿನ ಮಂಚದಿಂದ ಬಂದಿತ್ತು. ಲಕ್ವ ಹೊಡೆದು ಯುಗಾದಿಯಿಂದ ಒಂದು ಮಾತೂ ಆಡದಿದ್ದ ಗಂಡ, ಕೊಬ್ಬರಿ ವ್ಯಾಪಾರದ ಮರುಳಸಿದ್ದಯ್ಯ, ಬಾಯಿಯ ಒಂದೇ ಪಕ್ಕದಲ್ಲಿ ನಗುತ್ತಿದ್ದ.

ಗಾಜಿನ ಮುಚ್ಚಳ ತೆರೆಯಿತೋ ಇಲ್ಲವೋ, ಸಿದ್ದಗಂಗಮ್ಮ ನೋಡಲೇ ಇಲ್ಲ. ಗಂಡನ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆನ್ನ ಹಿಂದಿನ ಟೀವಿಗೆ ಹೇಳಿದಳು: "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಕಣ್ರಪ್ಪ."