ಒಣ ಹಾಸಿಗೆ

ಹುಡುಗನ ಹಾಸಿಗೆ ಈ ಸಲ ಒದ್ದೆಯಾಗಿರಲಿಲ್ಲ. ರಜೆಗೆಂದು ತಿಂಗಳುಗಟ್ಟಲೆ ಬಾಡಿಗೆಗೆ ಹಿಡಿದ ಆ ಮನೆಗೆ ವಾರಕ್ಕೊಮ್ಮೆ ಬೆಡ್‌ಶೀಟು ಬದಲಿಸಲು ಬರುವ ಹೆಂಗಸು, ತಾನು ಸಿಕ್ಕಿಸಿದ್ದ ಮೂಲೆ ಕದಲದೇ ಇರುವುದನ್ನು ನೋಡುತ್ತ ನಿಂತಳು. ಹೋದ ವಾರ ಹಾಸಿ ಹೋದ ಸಂಜೆಯೇ ಸಮುದ್ರ ಹುಡುಗನನ್ನು ಎಳೆದುಕೊಂಡು ಹೋಗಿತ್ತು, ಅವನಿನ್ನೂ ಸಿಕ್ಕಿರಲಿಲ್ಲ. ಇನ್ನೇತಕ್ಕೆ ಎಂದುಕೊಂಡು ಅವಳು ಅಡಿಯ ರಬ್ಬರ್ ಶೀಟನ್ನು ಸುತ್ತತೊಡಗಿದಳು.

"ಅದು ಇರ್ಲಿ ಅಕ್ಕಾ," ಹುಡುಗನ ತಾಯಿ ಬಾಗಿಲಲ್ಲಿ ನಿಂತಿದ್ದಳು. "ಅದರ ಮೇಲೆ ಹೊಸದು ಹಾಸಿ."

"ಇದು ಒಗೆದಿದ್ದು ಹಾಗೇ ಇದೆಯಲ್ಲಮ್ಮಾ..."

"ಬದಲಾಯಿಸಿ. ನಿಮ್ಮೆದುರಿಗೇ ಬೈತಿದ್ದೆ, ಕತ್ತೆ ವಯಸ್ಸಾದ್ರೂ ಹಾಸಿಗೇಲಿ ಉಚ್ಚೆ ಹುಯ್ತೀಯಲ್ಲೋ ಅಂತ. ನೆಲ ನೋಡ್ತಾ ನಿಂತಿರ್ತಿದ್ದ."

ಹೆಂಗಸು ರಬ್ಬರ್ ಶೀಟನ್ನು ಮತ್ತೆ ಬಿಡಿಸಿ, ಹೊಸ ಬೆಡ್‌ಶೀಟು ಹಾಸಿ, ಅಂಗೈಯಿಂದ ಸುಕ್ಕು ನೀವಿದಳು. ಒದ್ದೆಯಾಗದ ಹಳೆಯದನ್ನು ಕೊಳೆಬಟ್ಟೆಯ ಗಂಟಿಗೆ ತುರುಕಿದಳು.

"ಒದ್ದೆ ಮಾಡ್ಲಿ ಬಿಡಿ," ಎಂದಳು ತಾಯಿ. "ಈ ಸಲ ಬೈಯಲ್ಲ."